ಓಣಿಯಲ್ಲಿ ಮೀನು ಸಾಕು

ಆ ಕಾಗೆ ತನ್ನ ಕೊಕ್ಕಿನಲ್ಲಿದ್ದ ಮೀನನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅಂದಾನೆಪ್ಪನ ಸೋಮವಾರ ಸುಖವಾಗಿ ಕಳೆದುಹೋಗುತ್ತಿತ್ತು. ಹಿಡಿದುಕೊಳ್ಳಲಿಲ್ಲ. ಬೈಲಹೊಂಗಲದ ಆ ಓಣಿಯಲ್ಲಿ ಬೇರೆ ಮಾಳಿಗೆಗಳು ಬೇಕಾದಷ್ಟಿದ್ದರೂ ಅದು ಗುರುಬಸವ್ವನ ಮಾಳಿಗೆಯನ್ನೇ ಆರಿಸಿತು. ಅಲ್ಲಿ ಬಿಳಿ ಧೋತರದ ಮೇಲೆ ಸಾಲಾಗಿ ಒಣಗುತ್ತಿದ್ದ ಅಕ್ಕಿ ಸಂಡಿಗೆಯ ನಟ್ಟನಡುವೆ ಮೀನನ್ನು ಬೀಳಿಸಿ, ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಹಾರಿಹೋಯಿತು.

ಹತ್ತು ಮನೆಗಳ ಆ ಓಣಿಯಲ್ಲಿ ಲಿಂಗಪೂಜೆಯಾಗದೆ ಯಾರೂ ಬಾಯಿಗೆ ನೀರು ಹಾಕುವವರಲ್ಲ. ಕೋಳಿಯ ತತ್ತಿ ಎಂಬ ಮಾತನ್ನು ಕೂಡ ಅಲ್ಲಿ ದನಿ ತಗ್ಗಿಸಿಯೇ ಆಡಬೇಕು. ಗುರುಬಸವ್ವ ಮೊದಲು ಸಂಡಿಗೆ ನೋಡಿದಳು, ಆಮೇಲೆ ಮೀನು ನೋಡಿದಳು. ಮೀನಿನಲ್ಲಿ ಇನ್ನೂ ಜೀವವಿತ್ತು. ಮುಟ್ಟುವಂತಿಲ್ಲ, ಸಾಯಲು ಬಿಡುವಂತೆಯೂ ಇಲ್ಲ. ಕೊನೆಗೆ ಸಟ್ಟುಗದಿಂದ ಎತ್ತಿ ಹಿತ್ತಾಳೆಯ ತಂಬಿಗೆಯ ನೀರಿಗೆ ಹಾಕಿದಳು. ಅದು ಬಾಲ ಆಡಿಸಿದಾಗ ಅವಳಿಗೆ ನಿಜವಾಗಿಯೂ ಸಮಾಧಾನವಾಯಿತು. ಇನ್ನು ಅದರ ಮಾಲಕರನ್ನು ಹುಡುಕಿ ಬಯ್ಯುವುದೊಂದೇ ಬಾಕಿ.

ಮಾಲಕ ಅಂದಾನೆಪ್ಪ ಅದೇ ಹೊತ್ತಿಗೆ ತನ್ನ ಹಿತ್ತಲಲ್ಲಿ ಮೀನು ಎಣಿಸುತ್ತಿದ್ದ. ಹದಿನೆಂಟು. ಮತ್ತೊಮ್ಮೆ ಎಣಿಸಿದ. ಹದಿನೆಂಟೇ. ನಿನ್ನೆ ಸಂಜೆ ಹತ್ತೊಂಬತ್ತು ಇದ್ದವು.

ಅಂದಾನೆಪ್ಪ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ತೂಕದ ಕಾರಕೂನ. ಇಪ್ಪತ್ತು ವರ್ಷ ಮಂದಿ ಬೆಳೆದದ್ದನ್ನು ತೂಗಿದವನು, ತಾನಾಗಿ ಒಂದು ಎಲೆಯನ್ನೂ ಬೆಳೆದವನಲ್ಲ. ಹೊಲವಿರಲಿಲ್ಲ, ಹಿತ್ತಲಿತ್ತು, ಆದರೆ ನಳದಲ್ಲಿ ನೀರು ಬರುತ್ತಿದ್ದದ್ದು ಮೂರು ದಿನಕ್ಕೊಮ್ಮೆ. ಹೀಗಿರುವಾಗ ಜಿನ್ನಿನ ಫಿಟ್ಟರ್ ಲಗಮಣ್ಣ ಒಂದು ದಿನ, "ಮೀನ ಇದ್ದ ನೀರ ಚೆಲ್ಲಿದ ಕಡೆ ನಮ್ಮ ಮೆಣಸಿನಗಿಡ ಎದಿಮಟ ಬೆಳದಾವ್ರಿ" ಎಂದ. ಆ ಮಾತು ಅಂದಾನೆಪ್ಪನ ತಲೆಯೊಳಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ.

ಜಿನ್ನಿನ ಗುಜರಿಯಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ನೀರಿನ ಟಾಕಿ ಮನೆಗೆ ಬಂತು. ಶೇಂಗಾ ಎಣ್ಣೆಯ ಎರಡು ಬ್ಯಾರಲ್‌ಗಳನ್ನು ಲಗಮಣ್ಣ ಉದ್ದಕ್ಕೆ ಸೀಳಿ, ಟಾಕಿಯ ಮೇಲೆ ಅಡ್ಡಡ್ಡ ಕೂರಿಸಿ, ತಳಕ್ಕೆ ತೂತು ಕೊರೆದು, ರಸ್ತೆಗೆ ಹಾಕುವ ಕಲ್ಲಿನ ಖಡಿ ತುಂಬಿಕೊಟ್ಟ. ಅದರಲ್ಲಿ ಅಂದಾನೆಪ್ಪ ಮೆಂತ್ಯ ಬಿತ್ತಿದ. ಸವದತ್ತಿಯ ಕಡೆ ಮಲಪ್ರಭೆಗೆ ಹೊಸದಾಗಿ ಕಟ್ಟಿದ್ದ ಅಣೆಕಟ್ಟಿನ ನೀರಿನಿಂದ ಮರಿಮೀನುಗಳನ್ನೂ ಅವನೇ ತಂದ. ಟಾಕಿಯ ನೀರನ್ನು ಬಕೆಟ್ಟಿನಿಂದ ಎತ್ತಿ ಖಡಿಯ ಮೇಲೆ ಸುರಿಯುವುದು. ಅದು ಮೆಂತ್ಯದ ಬೇರು ತೊಯ್ಯಿಸಿ, ಸೋಸಿ, ತಿರುಗಿ ಮೀನಿನ ತಲೆಯ ಮೇಲೇ ಬೀಳುವುದು. ಬೆಳಗ್ಗೆ ಹನ್ನೆರಡು ಬಕೆಟ್, ಸಂಜೆ ಹನ್ನೆರಡು. ನೀರು ಮಾತ್ರ ಅದೇ ನೀರು.

ಮೆಂತ್ಯ ಮೊದಲ ಸಲ ಎರಡೆಲೆ ಬಿಟ್ಟ ದಿನ ಅಂದಾನೆಪ್ಪ ಜಿನ್ನಿಗೆ ತಡವಾಗಿ ಹೋಗಿದ್ದ. ಮದುವೆಯ ದಿನವೂ ತನಗೆ ಅಷ್ಟು ಸಂತೋಷವಾಗಿರಲಿಲ್ಲವೆಂದು ಅವನಿಗೆ ಅನ್ನಿಸಿತ್ತು. ಹೆಂಡತಿ ರಾಚವ್ವನ ಮುಂದೆ ಹೇಳಿರಲಿಲ್ಲ, ಅಷ್ಟೆ.

ರಾಚವ್ವ ಒಂದೇ ಕರಾರು ಹಾಕಿದ್ದಳು. "ಮೀನಿನ ಸುದ್ದಿ ಓಣ್ಯಾಗ ಗೊತ್ತಾತಂದ್ರ ನಾ ದೊಡವಾಡದ ಬಸ್ ಹತ್ತತೇನಿ ನೋಡ್ರಿ." ದೊಡವಾಡ ಅವಳ ತವರು. ಅದಕ್ಕೇ ಟಾಕಿಯ ಬಾಯಿಗೆ ಹಲಗೆ ಮುಚ್ಚಿತ್ತು. ಮೆಂತ್ಯ ಮಾತ್ರ ಮುಚ್ಚಿಡುವಷ್ಟು ಬೆಳೆಯಲಿಲ್ಲ, ಹಂಚುವಷ್ಟು ಬೆಳೆಯಿತು. ಓಣಿಯ ಒಂಬತ್ತೂ ಮನೆಗೆ ಸೊಪ್ಪಿನ ಸೂಡು ಹೋದವು. ಇಂಥ ಬೇಸಿಗೆಯಲ್ಲಿ ಹೇಗೆ ಬೆಳೆದಿರಿ ಎಂದವರಿಗೆಲ್ಲ ಅಂದಾನೆಪ್ಪ "ಕೈಗುಣ" ಎನ್ನುತ್ತಿದ್ದ.

ಇವತ್ತು ಒಂದು ಹಲಗೆ ಜರುಗಿತ್ತು. ಅವನು ಅದನ್ನು ಸರಿಪಡಿಸುವಷ್ಟರಲ್ಲಿ ಗುರುಬಸವ್ವ ಕಾಗೆ ಹಾರಿಬಂದ ದಿಕ್ಕು ಹಿಡಿದು, ತಂಬಿಗೆಯ ಮೇಲೆ ಸೆರಗು ಮುಚ್ಚಿಕೊಂಡು ಹಿತ್ತಲಿಗೇ ಬಂದುಬಿಟ್ಟಳು.

"ಅಂದಾನೆಪ್ಪ, ಇದು ಯಾರದು ಅಂತ ಕೇಳಾಕ ಬಂದೇನಿ." ಮೀನು ಎಂಬ ಶಬ್ದಕ್ಕೂ ಅವಳ ಬಾಯಲ್ಲಿ ಮಡಿ. "ನನ್ನ ಸಂಡಗಿ ಮ್ಯಾಲೆ ಬಿದ್ದಿತ್ತು."

ಅಂದಾನೆಪ್ಪ ತಂಬಿಗೆಯಲ್ಲಿ ಇಣುಕಿದ. ಹತ್ತೊಂಬತ್ತನೆಯದು ಅವನನ್ನು ಗುರುತು ಹಿಡಿದಂತೆ ಮೇಲೆ ಬಂತು.

"ಕಾಗಿ ಹೊಳಿಯಿಂದ ತಂದಿರಬೇಕ್ರಿ ಅಕ್ಕಾ."

"ಹೊಳಿ ಎಲ್ಲೈತಿ, ಊರ ಎಲ್ಲೈತಿ. ಅಲ್ಲಿಂದ ಜೀವಂತ ತರಾಕ ಕಾಗಿ ಬಸ್ಸಿನ್ಯಾಗ ಬಂತೇನು?"

ಆಗಲೇ ಟಾಕಿಯೊಳಗೆ ದೊಡ್ಡದೊಂದು ಮೀನು ಪಟಾರನೆ ಬಾಲ ಬಡಿಯಿತು. ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ ರಾಚವ್ವ ಜೋರಾಗಿ ಕೆಮ್ಮಿದಳು.

"ಒಳಗ ಏನದು, ಬಡಕೊಳ್ಳಾಕ ಹತ್ತೈತಿ?" ಎಂದಳು ಗುರುಬಸವ್ವ.

"ಅರಿವಿ ನೆನಸೇನ್ರಿ ಅಕ್ಕಾ," ಎಂದಳು ರಾಚವ್ವ.

"ಅರಿವಿ ತಮ್ಮಷ್ಟಕ್ಕ ತಾವ ಒಗಕೊಳ್ಳಾಕ ಹತ್ಯಾವೇನು?" ಎನ್ನುತ್ತ ಗುರುಬಸವ್ವ ಹಲಗೆ ಸರಿಸಿದಳು.

ಅರ್ಧ ತಾಸಿನಲ್ಲಿ ಓಣಿಯೆಲ್ಲ ಹಿತ್ತಲಲ್ಲಿತ್ತು. ಟಾಕಿ ನೋಡಿದವರು ಮೆಂತ್ಯ ನೋಡಿದರು, ಮೆಂತ್ಯ ನೋಡಿದವರು ತಮ್ಮ ಹೊಟ್ಟೆ ನೋಡಿಕೊಂಡರು.

"ತಿಂಗಳಾತು," ಎಂದಳು ಗುರುಬಸವ್ವ. "ಲಿಂಗಪೂಜಿ ಮಾಡಿ ಇದ ಪಲ್ಯ ಉಂಡೇವಿ. ಇವುಗಳ ಮೈ ತೊಳದ ನೀರಾಗ ಬೆಳದದ್ದು."

"ಅಕ್ಕಾ, ಹೊಲಕ್ಕ ಸಗಣಿಗೊಬ್ಬರ ಹಾಕ್ತಾರ. ಜ್ವಾಳ ತಿಂದ್ರ ಸಗಣಿ ತಿಂದಂಗ ಆಗತೈತೇನ್ರಿ?" ಎಂದ ಅಂದಾನೆಪ್ಪ.

ಮಾತು ಸರಿಯಾದದ್ದೇ. ಆಡಿದ ಹೊತ್ತು ಸರಿಯಿರಲಿಲ್ಲ. "ಮೀನಿನ ನೀರ ಸಾಲಲಿಲ್ಲ, ಈಗ ಸಗಣೀನೂ ತಿನ್ನಸಾಕ ಹೊಂಟಾನ" ಎಂದು ಹಿಂದಿನಿಂದ ಯಾರೋ ಗೊಣಗಿದರು. ಟಾಕಿ ಇವತ್ತೇ ಖಾಲಿಯಾಗಬೇಕು ಎಂದು ತೀರ್ಮಾನವಾಯಿತು.

ಆದರೆ ಖಾಲಿ ಮಾಡುವವರು ಯಾರು? ನೀರು ಚೆಲ್ಲಿದರೆ ಹದಿನೆಂಟು ಜೀವ ಹೋಗುತ್ತವೆ. ಪಾಪ ಅಂದಾನೆಪ್ಪನಿಗೋ, ಚೆಲ್ಲು ಎಂದವರಿಗೋ? ಬಕೆಟ್ ಮುಟ್ಟಲು ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಎಲ್ಲರೂ ಎದುರು ಮನೆಯ ಮಹಾಂತಪ್ಪಜ್ಜನ ಕಟ್ಟೆಗೆ ಹೋದರು. ಅವರು ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡಿದವರು. ಓಣಿಯಲ್ಲಿ ಅವರ ಮಾತೆಂದರೆ ಮಾತು. ತೊಂದರೆ ಇಷ್ಟೇ: ಸೋಮವಾರ ಹೊತ್ತು ಮುಳುಗುವ ತನಕ ಅವರದು ಮೌನವ್ರತ.

ಅಜ್ಜ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು. ಪಾಟಿ ತೆಗೆದುಕೊಂಡು, ಉಳಿದಿದ್ದ ತುಣುಕು ಬಳಪದಿಂದ ದುಂಡಗೆ ಬರೆದು ತಿರುಗಿಸಿ ಹಿಡಿದರು.

ಓಣಿಯಲ್ಲಿ ಮೀನು ಸಾಕು.

"ಆತಲ್ಲ, ಸಾಕು ಅಂದಾರ," ಎಂದಳು ಗುರುಬಸವ್ವ. "ಇನ್ನ ಬ್ಯಾಡ ಅಂತ."

ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು ಅಂದಾನೆಪ್ಪನಿಗೆ. "ಬ್ಯಾಡ ಅನ್ನೂದಿದ್ರ ಅಜ್ಜಾರು ಬೇಡ ಅಂತ ಬರೀತಿದ್ರು. ಅದೂ ಎರಡ ಅಕ್ಷರ, ಇದೂ ಎರಡ ಅಕ್ಷರ. ಸಾಕು ಅಂತ ಬರದಾರ. ಆಕಳ ಸಾಕು, ಎಮ್ಮಿ ಸಾಕು, ಮೀನ ಸಾಕು. ಮಾಸ್ತರಕಿ ಮಾಡಿದ ಮಂದಿ, ತಪ್ಪ ಬರೀತಾರೇನ್ರಿ?"

ಅಜ್ಜ ಎರಡೂ ಕೈ ಎತ್ತಿ ಜೋರಾಗಿ ಆಡಿಸಿದರು.

"ನೋಡ್ರಿ, ಆಶೀರ್ವಾದ ಮಾಡಾಕ ಹತ್ಯಾರ," ಎಂದ ಅಂದಾನೆಪ್ಪ.

ಅಜ್ಜ ತಡಬಡಿಸಿ ಪಾಟಿ ಒರೆಸಲು ಹೋದರು. ಬಳಪದ ತುಣುಕು ಕೈಜಾರಿ ಕಟ್ಟೆಯ ಕೆಳಗಿನ ಗಟಾರಕ್ಕೆ ಬಿತ್ತು. ಅವರು ಹಣೆ ಹಿಡಿದುಕೊಂಡು ಕುಳಿತದ್ದನ್ನು ಓಣಿಯವರು ಧ್ಯಾನವೆಂದು ತಿಳಿದರು.

ಗುರುಬಸವ್ವ ಪಾಟಿಯನ್ನು ಮತ್ತೆ ಮತ್ತೆ ಓದಿದಳು. ಅವಳ ಮನಸ್ಸಿನಲ್ಲಿ ಬೆಳಗಿನಿಂದ ಇನ್ನೊಂದು ಸಂಗತಿ ಕೊರೆಯುತ್ತಿತ್ತು. ಆ ಟಾಕಿಗೆ ತುಂಬಿದ ನೀರು ಚೆಲ್ಲುವುದೇ ಇಲ್ಲ. ನಳದ ಮುಂದೆ ಕೊಡಕ್ಕಾಗಿ ಜಗಳವಾಡುವ ದಿನಗಳಲ್ಲಿ, ಇವನು ಅದೇ ನೀರನ್ನು ತಿರುಗಾಮುರುಗಾ ಹಾಕಿ ಹಸಿರು ಬೆಳೆಯುತ್ತಿದ್ದಾನೆ.

"ಓಣಿಯಲ್ಲಿ ಅಂತ ಐತಿ," ಎಂದಳು ನಿಧಾನವಾಗಿ. "ಅಂದಾನೆಪ್ಪನ ಹಿತ್ತಲದಾಗ ಅಂತ ಇಲ್ಲ. ಓಣಿ ಅಂದ್ರ ಹತ್ತೂ ಮನಿ. ಅಜ್ಜಾರ ಮಾತ ಮೀರೂದು ಹೆಂಗ?"

"ಅಕ್ಕಾ, ಅದು ಹಂಗಲ್ರಿ," ಎಂದ ಅಂದಾನೆಪ್ಪ.

"ಈಗರೆ ನೀನ ಓದಿ ಹೇಳಿದಿ. ತಪ್ಪ ಬರೀತಾರೇನು ಅಂದಿ."

ಅಂದಾನೆಪ್ಪ ಪಾಟಿಗೆ ಕೈ ಚಾಚುವಷ್ಟರಲ್ಲಿ ಹೆಣ್ಣುಮಕ್ಕಳು ಕೊಡ, ಬೋಗುಣಿ ಹಿಡಿದು ಅವನ ಹಿತ್ತಲಿಗೆ ನಡೆದಿದ್ದರು. ಮನೆಗೆ ಎರಡರಂತೆ ಒಂಬತ್ತು ಮನೆಗೆ ಹದಿನೆಂಟು. ಲೆಕ್ಕ ಎಷ್ಟು ಸರಿಬಂತೆಂದರೆ ಜಗಳಕ್ಕೂ ಜಾಗ ಉಳಿಯಲಿಲ್ಲ. ಮುಟ್ಟಲು ಹೇಸುವವರಿಗೆ ರಾಚವ್ವ ಜರಡಿಯಿಂದ ಹಿಡಿದುಕೊಟ್ಟಳು. ಅವಳ ಮುಖದ ಮೇಲೆ ತಿಂಗಳಿನಿಂದ ಕಾಣದ ನಗೆಯಿತ್ತು. ಓಣಿಯೇ ಮೀನು ಸಾಕಿದ ಮೇಲೆ ದೊಡವಾಡದ ಬಸ್ಸಿನ ಕೆಲಸವೇನು? ಮಧ್ಯಾಹ್ನದ ಹೊತ್ತಿಗೆ ಓಣಿಯ ತುಂಬ ಹಳೆಯ ಹಂಡೆ, ಒಡಕು ಬ್ಯಾರಲ್, ದನ ನೀರು ಕುಡಿಯುವ ಬಾನಿಗಳು ಹೊರಬಂದವು. "ಖಡಿ ಎಷ್ಟ ಹಾಕಬೇಕ್ರಿ?" "ತೂತ ಎಲ್ಲಿ ಕೊರೀಬೇಕ್ರಿ?" ಎಂದು ಎಲ್ಲರೂ ಕರೆಯುವವರೇ. ಅಂದಾನೆಪ್ಪ ಒಂಬತ್ತು ಮನೆಗೂ ಹೋಗಿ ಖಡಿ ತುಂಬಿಸಿಕೊಟ್ಟ. ಕೈಗೆ ಗುಳ್ಳೆಗಳೆದ್ದವು. ನಾಲ್ಕನೆಯ ಮನೆಯ ಹೊತ್ತಿಗೆ, ಸಿಟ್ಟಾಗಬೇಕೆಂದಿದ್ದವನು ಹೇಗೋ ಮರೆತು, ತೂತು ಇನ್ನಷ್ಟು ಕೆಳಗಿರಲಿ ಎಂದು ಕಲಿಸಿಕೊಡತೊಡಗಿದ್ದ.

ಹೊತ್ತು ಮುಳುಗಿದ ತಕ್ಷಣ ಮಹಾಂತಪ್ಪಜ್ಜ ಕೋಲೂರಿಕೊಂಡು ಅವನ ಹಿತ್ತಲಿಗೆ ಬಂದರು.

"ಮೀನ ಬ್ಯಾಡ, ಇಷ್ಟಕ್ಕ ಸಾಕ ಮಾಡ ಅಂತ ಬರದಿದ್ನೆಪಾ ನಾನು."

ಅಂದಾನೆಪ್ಪನಿಗೆ ಮೀನಿಲ್ಲದ ಟಾಕಿ ಕಂಡಿತು, ಕೂಡಲೆ ಅದು ತುಂಬುವ ದಾರಿಯೂ ಕಂಡಿತು. "ನಂದ ತಪ್ಪಾತ್ರಿ ಅಜ್ಜಾರ. ಬ್ಯಾಡ ಅಂತನ ಅದರ ಅರ್ಥ. ಓಣ್ಯಾಗ ಈಗಿಂದೀಗ ಹೇಳಿಬಿಡ್ರಿ. ಎಲ್ಲಾರೂ ನನ್ನವು ನನಗ ತಿರುಗಿ ಕೊಡ್ತಾರ."

"ಹೇಳಾಕಂತನ ಹೊಂಟಿದ್ನಿ," ಎಂದರು ಅಜ್ಜ. "ಆದ್ರ ಮನ್ಯಾಗ ನಮ್ಮಾಕಿ ಎರಡಕ್ಕೂ ಹೆಸರ ಇಟ್ಟ ಕುಂತಾಳ. ಮೌನ ಮುಗದ ಮ್ಯಾಲೆ ಆಕಿ ಮುಂದ ಬಾಯಿ ತಗಿಯೂದು ಇನ್ನೂ ಕಷ್ಟ ಐತಿ. ಹೋಗ್ಲಿ ಬಿಡು, ನೀ ಹೇಳಿದ್ದ ಅರ್ಥನ ಇರಲಿ." ದನಿ ತಗ್ಗಿಸಿದರು. "ಅವು ಏನ ತಿಂತಾವ?"

"ಶೇಂಗಾ ಹಿಂಡಿರಿ," ಎಂದ ಅಂದಾನೆಪ್ಪ.

ಅವರು ಹೋದ ಬೆನ್ನಿಗೆ ಗುರುಬಸವ್ವ ಬಂದಳು. ಕೈಯಲ್ಲಿ ಬೆಳಗಿನ ಅದೇ ತಂಬಿಗೆ.

"ನಿನ್ನ ಪಾಲು ನನ್ನ ಕಡೆನ ಉಳದಿತ್ತಪಾ. ನೀರ ಎರಡ ಸಲ ಬದಲ ಮಾಡೇನಿ. ಹಳೇ ನೀರ ಚೆಲ್ಲಿಲ್ಲ, ಮಲ್ಲಿಗಿ ಬುಡಕ್ಕ ಹಾಕೇನಿ."

ಅಂದಾನೆಪ್ಪ ತಂಬಿಗೆಯನ್ನು ಟಾಕಿಗೆ ಬಗ್ಗಿಸಿದ. ಮೀನು ಒಂದು ಸುತ್ತು ಹೊಡೆದು, ಮತ್ತೊಂದು ಸುತ್ತು ಹೊಡೆದು, ಯಾರೂ ಸಿಗದೆ ನಡುವೆ ನಿಂತಿತು. ಪಕ್ಕದ ಹಿತ್ತಲುಗಳಿಂದ ಖಡಿಯ ಮೇಲೆ ನೀರು ಸುರಿಯುವ ಸಪ್ಪಳ ಕೇಳುತ್ತಿತ್ತು. ಅದನ್ನು ಕೇಳಿ ಅವನಿಗೆ ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ, ಒಳಗೊಳಗೆ ಹಿತವೇ ಆಯಿತು.

"ಒಂದ ಮೀನಿಗೆ ಎಷ್ಟ ಮೆಂತೆ ಬೆಳೀತಾವ್ರಿ?" ಎಂದು ರಾಚವ್ವ ಬಾಗಿಲಲ್ಲಿ ನಿಂತು ಕೇಳಿದಳು. "ಮುಂದಿನ ತಿಂಗಳ ಪಲ್ಯಕ್ಕ ಗುರುಬಸವ್ವಕ್ಕನ್ನ ಕೇಳಬೇಕೇನು?"

ಅಂದಾನೆಪ್ಪ ಹನ್ನೆರಡು ಬಕೆಟ್ ನೀರೆತ್ತಿ ಖಡಿಯ ಮೇಲೆ ಸುರಿದ. ಆಮೇಲೆ ಹಲಗೆ ಮುಚ್ಚುವ ಮೊದಲು ರೂಢಿಯಂತೆ ಟಾಕಿಯೊಳಗೆ ಬಗ್ಗಿ ಮೀನು ಎಣಿಸಿದ. ಎಣಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.