ವಡಾಲದಲ್ಲಿ ಟ್ರಾನ್ಸ್‌ಫರ್ ಸೀಸನ್

ನಾವು

ಹೋಟೆಲ್ ಮಾಲಕರು ಮಸಾಲೆ ದೋಸೆಯ ಪ್ಲೇಟನ್ನು ನನ್ನ ಮುಂದೆ ಇಟ್ಟು, "ನಾವು ಹೊಸ ಸ್ಟ್ರೈಕರ್ ತೆಗೊಳ್ತಾ ಇದ್ದೇವೆ ಮಾರಾಯ್ರೆ" ಎಂದರು.

"ಹೋಟೆಲಿಗೋ?" ಎಂದೆ.

ಅವರಿಗೆ ಬೇಸರವಾಯಿತು. ಸ್ಟ್ರೈಕರ್ ಎಂದರೆ ಗೋಲು ಹೊಡೆಯುವ ಆಟಗಾರ. ನಾವು ಎಂದರೆ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್. ಅಲ್ಲಿಯ ಎಲ್ಲಕ್ಕಿಂತ ಮೇಲಿನ ಲೀಗಿನಲ್ಲಿ ಆಡುತ್ತದೆ. ಮಾಲಕರಿಗೆ ಮುಂಬಯಿಯ ಈ ವಡಾಲ ಬಿಟ್ಟರೆ ಉಡುಪಿ, ಉಡುಪಿ ಬಿಟ್ಟರೆ ವಡಾಲ. ಆದರೂ ಕ್ಲಬ್ ಗೆದ್ದರೆ ನಾವು ಗೆದ್ದೆವು. ಸೋತರೆ ಕೋಚ್ ಸೋತ.

ಅವರಿಗೆ ಜೊತೆ ಇಬ್ಬರು. ಒಬ್ಬರು ಮೈಸೂರಿನವರು, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರು. ಇನ್ನೊಬ್ಬರು ಹುಬ್ಬಳ್ಳಿಯವರು, ಬೊರಿವಲಿಯಲ್ಲಿ ಮನೆ, ಈ ಕಡೆ ಆಫೀಸು. ಬೆಳಿಗ್ಗೆ ಟಿವಿಯ ಕೆಳಗಿನ ಟೇಬಲ್ ಇವರದು. ನಾಲ್ಕನೆಯ ಕುರ್ಚಿ ನನ್ನದು. ನಾನು ಯಾವ ಕ್ಲಬ್ಬಿನವನೂ ಅಲ್ಲ. ದೋಸೆಗೆ ಬರುವವನು.

ಅಡುಗೆಮನೆಯ ಕಿಂಡಿಯಿಂದ ದೋಸೆ ಭಟ್ಟರು ತಲೆ ಹೊರಗೆ ಹಾಕಿದರು. ಮುಖದ ತುಂಬ ಬೆವರು. ಆ ಹೋಟೆಲಿಗೆ ಜನ ಬರುವುದೇ ಅವರ ಕೈಯ ದೋಸೆಗೆ.

"ಧಣಿಗಳೇ, ಕಾವಲಿ ಮೇಲೆ ಎಕ್ಸಾಸ್ಟ್ ಫ್ಯಾನ್ ಹಾಕಿಸ್ತೇನೆ ಅಂದಿದ್ರಿ. ಹೊಗೆಯಲ್ಲಿ ಕಣ್ಣು ಕಾಣುದಿಲ್ಲ. ಹೀಗಾದ್ರೆ ನಾನು ಇಲ್ಲಿ ನಿಲ್ಲುವವನಲ್ಲ."

"ಟ್ರಾನ್ಸ್‌ಫರ್ ಸೀಸನ್ ಒಂದು ಮುಗೀಲಿ ಭಟ್ರೆ. ಈಗ ಮಂಡೆ ಬಿಸಿ ಉಂಟು."

ಒಂದು ಕ್ಲಬ್ಬಿನ ಆಟಗಾರನನ್ನು ಇನ್ನೊಂದು ಕ್ಲಬ್ ಎಳೆದುಕೊಳ್ಳುವ ಕಾಲಕ್ಕೆ ಟ್ರಾನ್ಸ್‌ಫರ್ ಸೀಸನ್ ಎನ್ನುತ್ತಾರೆ. ಭಟ್ಟರಿಗೆ ಅದು ಗೊತ್ತಿರಲಿಲ್ಲ. ಕಾದ ಕಾವಲಿಯ ಮುಂದೆ ಹೋಗಿ ನಿಂತರು. ಮಾಲಕರು ಟಿವಿಯ ಕೆಳಗೆ ಫ್ಯಾನ್ ಜೋರು ಮಾಡಿಕೊಂಡು ಮಂಡೆ ತಂಪು ಮಾಡಿಕೊಂಡರು.

ಸುದ್ದಿಯ ಹುಟ್ಟು

ಸ್ಟ್ರೈಕರ್ ಬರುವ ಸುದ್ದಿಗೆ ನಮ್ಮ ಬ್ಯಾಂಕ್ ಮ್ಯಾನೇಜರೇ ಅಧಿಕಾರಿ. ಒಂದು ದಿನ ಮೊಬೈಲ್ ಎತ್ತಿ ಹಿಡಿದು ಬಂದರು.

"ನೋಡ್ರೀ, ಪಕ್ಕಾ ಆಯ್ತು. ದುಬೈಯಿಂದಲೇ ಬಂದಿದೆ. ಮೆಡಿಕಲ್ ಟೆಸ್ಟೂ ಮುಗೀತಂತೆ."

ನಾನು ಓದಿ ನೋಡಿದೆ. "ಇದು ನಿನ್ನೆ ನೀವೇ ಇಲ್ಲಿ ಕೂತು ಬರೆದು ಕಳಿಸಿದ್ದು."

"ಹೌದು ಕಣ್ರೀ. ನನ್ನ ಭಾವಮೈದುನನಿಗೆ ಕಳಿಸಿದ್ದೆ. ಅವನು ದುಬೈಗೆ ಕಳಿಸಿದಾನೆ."

"ಹಾಗಾದರೆ ನಿಮ್ಮದೇ ಸುದ್ದಿ."

"ಅಲ್ರೀ, ನಾನು ಕಳಿಸಿದಾಗ ಅದು ಗಾಳಿಸುದ್ದಿ. ದುಬೈಗೆ ಹೋಗಿ ವಾಪಸ್ ಬಂತಲ್ಲ, ಈಗ ಖಚಿತ ಸುದ್ದಿ."

ಮಾಲಕರು ಎಲ್ಲರಿಗೂ ಕಾಫಿ ಹೇಳಿದರು.

ಊರಿನ ಮ್ಯಾಚ್

ಆ ಲೀಗಿನ ಒಂದು ಮ್ಯಾಚನ್ನು ಪರದೇಶದಲ್ಲಿ ಆಡಿಸುವ ಪ್ರಸ್ತಾಪ ಇದೆ ಎಂದು ಟಿವಿಯಲ್ಲಿ ಬಂತು. ಬೊರಿವಲಿಯವರು ಚಮಚ ಕುಕ್ಕಿದರು.

"ಇದು ಅನ್ಯಾಯ ಐತ್ರಿ. ಕ್ಲಬ್ ಅಂದ್ರ ಊರಿಂದು. ಊರಾಗ ಹುಟ್ಟಿ ಬೆಳದ ಮಂದಿ ಎಲ್ಲಿ ಹೋಗಿ ನೋಡಬೇಕ್ರಿ?"

"ದುಡ್ಡಿನ ಆಸೆ ಕಣ್ರೀ" ಎಂದರು ಮ್ಯಾನೇಜರ್. "ಊರಿನವರ ಹೊಟ್ಟೆ ಉರಿಯಲ್ವೇ?"

"ಯಾವ ಊರು ಅದು?" ಎಂದೆ.

ಮೂವರೂ ಸೇರಿ ಚರ್ಚಿಸಿದರು. ಲಂಡನ್ನಿನಿಂದ ಮೇಲಕ್ಕೆ ಎಲ್ಲೋ ಇದೆ ಎಂದು ತೀರ್ಮಾನವಾಯಿತು.

ಅಷ್ಟರಲ್ಲಿ ಟಿವಿಯವನು, ಆ ಮ್ಯಾಚ್ ಮುಂಬಯಿಗೂ ಬರಬಹುದು ಎಂದ. ಕುಕ್ಕಿದ ಚಮಚ ಮತ್ತೆ ಮೇಲೆದ್ದಿತು.

"ಒಂದ ಮ್ಯಾಚಿಗೆ ಏನಾಗ್ತದ್ರಿ?" ಎಂದರು ಬೊರಿವಲಿಯವರು. "ಊರ ಮಂದಿ ಟಿವ್ಯಾಗ ನೋಡ್ಲಿ. ನಾವು ನೋಡಂಗಿಲ್ಲೇನ್ರಿ?"

ಮೂಲೆಯ ಗಿರಾಕಿ

ಮೂಲೆಯ ಟೇಬಲಿನಲ್ಲಿ ಹೊಸಬರೊಬ್ಬರು ದಿನಾ ಕೂರತೊಡಗಿದರು. ಮಸಾಲೆ ತಿನ್ನುತ್ತಾರೆ, ಸಾದಾ ತಿನ್ನುತ್ತಾರೆ, ನೀರುದೋಸೆ ತಿನ್ನುತ್ತಾರೆ. ಕೈ ತೊಳೆಯಲು ಹೋದವರು ಕಿಂಡಿಯಲ್ಲಿ ಭಟ್ಟರ ಜೊತೆ ತುಳುವಿನಲ್ಲಿ ಮಾತಿಗೆ ನಿಲ್ಲುತ್ತಾರೆ. ನನಗೆ ಗುರುತು ಸಿಕ್ಕಿತು. ದಾದರಿನ ಹೋಟೆಲೊಂದರ ಮಾಲಕ.

ನಮ್ಮ ಮಾಲಕರನ್ನು ಕರೆದು ಹೇಳಿದೆ. "ಅವರು ನಿಮ್ಮ ಭಟ್ಟರನ್ನು ಎಳೆದುಕೊಳ್ಳಲು ಬರುತ್ತಿದ್ದಾರೆ."

"ಎಂತ ಮಾರಾಯ್ರೆ ನೀವು" ಎಂದು ನಕ್ಕರು. "ಅದೆಲ್ಲ ರೂಮರ್. ಹಾಗೆಲ್ಲ ಕೇಳಿದ್ದನ್ನು ನಂಬಬಾರದು."

ಕೊನೆಯ ದಿನ

ಟ್ರಾನ್ಸ್‌ಫರ್ ಸೀಸನ್ನಿನ ಕೊನೆಯ ದಿನ. ಮೂವರ ಕಣ್ಣೂ ಟಿವಿಯ ಮೇಲೆ. ಭಟ್ಟರು ಒಳಗಿನಿಂದ ಬಂದರು. ಶರ್ಟು ಹಾಕಿದ್ದರು, ಕೈಯಲ್ಲಿ ಚೀಲ.

"ಧಣಿಗಳೇ, ನಾನು ದಾದರಿಗೆ ಹೊರಟೆ."

"ಹೋಗಿ ಬನ್ನಿ" ಎಂದರು ಮಾಲಕರು. ತಿರುಗಿ ನೋಡಲಿಲ್ಲ.

ಭಟ್ಟರು ಸ್ವಲ್ಪ ನಿಂತರು. ನನಗೆ ನಮಸ್ಕಾರ ಮಾಡಿದರು. ಹೋದರು.

ಆಮೇಲೆ ಟಿವಿಯಲ್ಲಿ ಬಂತು. ಸ್ಟ್ರೈಕರ್ ತಾನು ಇದ್ದ ಕ್ಲಬ್ಬಿನಲ್ಲೇ ಉಳಿದ. ಅವನು ಕೇಳಿದ್ದನ್ನೆಲ್ಲ ಅಲ್ಲಿಯವರು ಮಾಡಿಕೊಟ್ಟರಂತೆ.

"ಅಲ್ಲಿಯವರು ಹುಷಾರು" ಎಂದು ಮಾಲಕರು ತಲೆ ಹಿಡಿದುಕೊಂಡರು. "ಒಳ್ಳೆ ಆಳನ್ನು ಹೇಗೆ ಉಳಿಸಿಕೊಳ್ಬೇಕು ಅಂತ ಗೊತ್ತುಂಟು. ಭಟ್ರೆ, ನಾಲ್ಕು ಮಸಾಲೆ!"

ಒಳಗೆ ಕಾವಲಿ ತಣ್ಣಗಿತ್ತು.

ದಾದರ್

ಮರುದಿನ ಬೆಳಿಗ್ಗೆ ಭಟ್ಟರನ್ನು ಕರೆತರಲು ಟ್ಯಾಕ್ಸಿಯಲ್ಲಿ ದಾದರಿಗೆ ಹೋದೆವು. ಭಟ್ಟರಿಲ್ಲದೆ ಹೋಟೆಲ್ ಮುಚ್ಚಬೇಕಾಗುತ್ತದೆ ಎಂದು ಮಾಲಕರು ದಾರಿಯುದ್ದಕ್ಕೂ ಹೇಳಿದರು. ಮಾತುಕತೆಯ ಹೊಣೆ ಮ್ಯಾನೇಜರ್ ವಹಿಸಿಕೊಂಡರು. ದಾದರಿನ ಮಾಲಕ ನಮ್ಮನ್ನು ಕೂರಿಸಿ, ಕೇಳದೆಯೇ ನಾಲ್ಕು ಮಸಾಲೆ ದೋಸೆ ಹೇಳಿದರು.

"ನೋಡ್ರೀ, ಕ್ಲಬ್ಬುಗಳು ಆಟಗಾರರನ್ನು ಕೊಡೋ ಹಾಗೆ ಭಟ್ಟರನ್ನು ಅರ್ಧ ಸೀಸನ್ನಿಗಾದರೂ ಲೋನ್ ಮೇಲೆ ಕೊಡಿ" ಎಂದರು ಮ್ಯಾನೇಜರ್.

"ಅವರು ಮಡಕೆಯಾ ಲೋನ್ ಕೊಡ್ಲಿಕ್ಕೆ?" ಎಂದರು ದಾದರಿನವರು. "ಅವರನ್ನೇ ಕೇಳಿ."

ದೋಸೆ ಹಿಡಿದು ಭಟ್ಟರೇ ಬಂದರು. ಮುಖದಲ್ಲಿ ಬೆವರಿರಲಿಲ್ಲ, ಕಣ್ಣಲ್ಲಿ ಹೊಗೆಯ ಕೆಂಪಿರಲಿಲ್ಲ. ಹತ್ತು ವರ್ಷ ಚಿಕ್ಕವರಾದಂತೆ ಕಂಡರು.

"ಭಟ್ರೆ, ಬನ್ನಿ ಮಾರಾಯ್ರೆ" ಎಂದರು ಮಾಲಕರು. ಭಟ್ಟರು ನೆಲ ನೋಡಿದರು.

ಮ್ಯಾನೇಜರಿಗೆ ಕೋಪ ಬಂತು. "ಉಂಡ ಮನೆಗೆ ಎರಡು ಬಗೀಬಾರದು ಭಟ್ರೇ."

"ಉಂಡವರು ನೀವು ಸಾರ್" ಎಂದರು ಭಟ್ಟರು. "ನಾನು ಬೇಯಿಸಿದವ. ತಿನ್ನಿ, ತಣ್ಣಗಾಗ್ತದೆ."

ತಿಂದೆವು. ಬೊರಿವಲಿಯವರು ಕೈ ತೊಳೆದು ಬಂದು, "ನನಗ ದಾದರ್ ದಾರ್ಯಾಗ ಬರ್ತೈತ್ರಿ" ಎಂದರು.

ಈಗ ಬೆಳಿಗ್ಗೆ ದಾದರಿನಲ್ಲಿ ಸೇರುತ್ತೇವೆ. ವಡಾಲದ ಮಾಲಕರೂ ದೋಸೆಗೆ ಬರುತ್ತಾರೆ.