ಬಾಮೈದನನ್ನು ಹಿಂದೆ ಹಾಕುವ ಯೋಜನೆ

ಕನ್ನಡಕದ ಅಂಗಡಿಯವರ ಮಾನ ಹೋದದ್ದು ಒಂದು ಭಾನುವಾರ, ನೀರಿನ ಟ್ಯಾಂಕಿಗೆ ಹೋಗುವ ಏರುರಸ್ತೆಯಲ್ಲಿ. ಸಾಕ್ಷಿಗೆ ಪಕ್ಕದ ಸೀಟಿನಲ್ಲಿ ಹೆಂಡತಿ ಇದ್ದಳು. ಪ್ರತಿ ಭಾನುವಾರದಂತೆ ಅವಳ ತಮ್ಮನ ಮನೆಗೆ ಊಟಕ್ಕೆ ಹೊರಟಿದ್ದರು. ಅವರದು ಟರ್ಬೊ ಇಂಜಿನ್ನಿನ ಹೊಸ ಕಾರು (ಎತ್ತರದ ಮೈಕಟ್ಟು, ಸಿಟ್ಟು ಬಂದವರಂಥ ಮುಖ, ಶೋರೂಮಿನವನು ‘ಬೆಟ್ಟ ಬೇಕಾದ್ರೂ ಹತ್ತುತ್ತೆ ಸಾರ್’ ಎಂದಿದ್ದ). ಅಂಥ ಕಾರು ಏರಿನಲ್ಲಿ ತೇಕುತ್ತಾ ಸಾಗುತ್ತಿರುವಾಗ, ಹಿಂದಿನಿಂದ ಬಾಮೈದನ ಹನ್ನೆರಡು ವರ್ಷದ ಡಬ್ಬ ಕಾರು ಪೀಂ ಪೀಂ ಎನ್ನುತ್ತಾ ಬಂದು, ಪಕ್ಕಕ್ಕೆ ಸರಿದು, ಮುಂದೆ ಹೋಗಿಯೇಬಿಟ್ಟಿತು. ಬಾಮೈದ ಕಿಟಕಿಯಿಂದ ಕೈ ಬೇರೆ ಬೀಸಿದ. ಹೆಂಡತಿ ನಕ್ಕಳು.

ದೊಡ್ಡ ನಗುವೇನಲ್ಲ, ಮೂಗಿನಲ್ಲಿ ಹುಟ್ಟಿ ತುಟಿಯ ಹತ್ತಿರ ನಿಂತ ಅರ್ಧ ನಗು. ಆದರೆ ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಅರ್ಧ ನಗುವಿನ ಪೂರ್ತಿ ಅರ್ಥ ತಿಳಿಯುತ್ತದೆ. ಊಟಕ್ಕೆ ಕೂತಾಗ ಬಾಮೈದ ಆ ವಿಷಯವನ್ನೇ ಎತ್ತಲಿಲ್ಲ. ಗೆದ್ದವನ ಔದಾರ್ಯ! ಅದು ನಗುವಿಗಿಂತ ಹೆಚ್ಚು ಚುಚ್ಚಿತು. ಹೆಂಡತಿಯ ಕಣ್ಣಿನಲ್ಲಿ ಕಳೆದುಕೊಂಡ ಮರ್ಯಾದೆಯನ್ನು ಅದೇ ಏರಿನಲ್ಲಿ ವಾಪಸು ಗಳಿಸದಿದ್ದರೆ ತಾನು ಗಂಡಸೇ ಅಲ್ಲ ಎಂದು ಕನ್ನಡಕದವರು ಮನಸ್ಸಿನಲ್ಲೇ ಭೀಷಣ ಪ್ರತಿಜ್ಞೆ ಮಾಡಿ, ಇನ್ನೊಂದು ಸಲ ಅನ್ನ ಬಡಿಸಿಕೊಂಡರು.

ಮರುದಿನವೇ ದಾರಿ ಕಂಡಿತು. ಅಂಗಡಿಗೆ ಒಬ್ಬ ದಪ್ಪ ಮನುಷ್ಯ ಬಂದು, ಅಕ್ಷರ ಮಂಜಾಗಿ ಕಾಣುತ್ತದೆ, ಪವರ್ ಜಾಸ್ತಿ ಮಾಡಿಕೊಡಿ ಎಂದ. ಕನ್ನಡಕದವರು ಕಣ್ಣು ಪರೀಕ್ಷಿಸಿ, ಅವನ ಕನ್ನಡಕ ಬಿಚ್ಚಿಸಿಕೊಂಡು ಗಾಜನ್ನು ಬಟ್ಟೆಯಲ್ಲಿ ಒರೆಸಿ ವಾಪಸು ಕೊಟ್ಟರು.

“ಇರೋ ಪವರ್ ಸಾಕು ನಿಮಗೆ. ಒರೆಸಿಕೊಳ್ತಾ ಇರಿ, ಅಷ್ಟೇ.”

ಆ ಮನುಷ್ಯನಿಗೆ ಬಹಳ ಸಂತೋಷವಾಯಿತು. ಮಾತಿಗೆ ಮಾತು ಬೆಳೆದಾಗ ತಾನು ಕಾರುಗಳ ಟ್ಯೂನರ್ ಎಂದು ತನ್ನ ಕಸುಬು ಹೇಳಿದ. ಕಾರಿನ ಇಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಪೆಟ್ರೋಲ್ ಎಂದು ಲೆಕ್ಕ ಹಾಕುವ ಒಂದು ಕಂಪ್ಯೂಟರ್ ಇರುತ್ತದಂತೆ. ಕಂಪನಿಯವರು ಅದಕ್ಕೆ ಕಲಿಸಿದ್ದನ್ನು ಅಳಿಸಿ, ಈತ ಹೊಸ ಪಾಠ ಹೇಳಿಕೊಡುತ್ತಾನಂತೆ. ಆಮೇಲೆ ಅದೇ ಇಂಜಿನ್ ಕಾಲುಭಾಗ ಹೆಚ್ಚು ಶಕ್ತಿ ಕೊಡುತ್ತದಂತೆ.

“ಏರಿನಲ್ಲಿ?” ಎಂದು ಕನ್ನಡಕದವರು ಪಿಸುಗುಟ್ಟಿದರು.

“ಗುಂಡು ಹೋದ ಹಾಗೆ ಹೋಗುತ್ತೆ. ಆದ್ರೆ ನಾನು ಕಣ್ಣು ಮುಚ್ಚಿ ಪಾಠ ಹೇಳೋನಲ್ಲ. ಮೊದಲು ಗಾಡಿ ಹೇಗೆ ಓಡುತ್ತೆ ನೋಡ್ಬೇಕು.” ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಸಾಧನ ಕೊಟ್ಟು, ಸ್ಟಿಯರಿಂಗ್ ಕೆಳಗೆ ಸಿಕ್ಕಿಸಲು ಹೇಳಿದ. ಕಾಲು ಎಷ್ಟು ಒತ್ತಿತು, ಬ್ರೇಕ್ ಯಾವಾಗ ಬಿತ್ತು, ಎಲ್ಲವನ್ನೂ ಅದು ಐದು ದಿನ ಬರೆದುಕೊಳ್ಳುತ್ತದೆ.

ಕನ್ನಡಕದವರು ಅದನ್ನು ಗುಟ್ಟಾಗಿ ಸಿಕ್ಕಿಸಿದರು. ಹೇಳಿ ಮಾಡುವುದಕ್ಕೂ ಮಾಡಿ ತೋರಿಸುವುದಕ್ಕೂ ವ್ಯತ್ಯಾಸ ಇದೆ ನೋಡಿ.

ಕಾರನ್ನು ದಿನವೂ ಬೆಳಿಗ್ಗೆ, ಸಂಜೆ ಹೆಂಡತಿಯೇ ಒಯ್ಯುತ್ತಿದ್ದಳು. ಅವಳ ಕಸುಬು ಕೇಕ್ ಮಾಡುವುದು. ಎರಡಂತಸ್ತು, ಮೂರಂತಸ್ತಿನ ಕೇಕುಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಮುಟ್ಟಿಸಿ ಬರುತ್ತಿದ್ದಳು. ಮಧ್ಯಾಹ್ನ ಮತ್ತು ಭಾನುವಾರ ಮಾತ್ರ ಕಾರು ಕನ್ನಡಕದವರದು. ಆ ಐದು ದಿನ ಅವರು ಊಟದ ಬಿಡುವಿನಲ್ಲಿ ಹೊರವರ್ತುಲ ರಸ್ತೆಗೆ ಹೋಗಿ ವೀರಾವೇಶದಿಂದ ಆಕ್ಸಿಲರೇಟರ್ ಒತ್ತುವ ಅಭ್ಯಾಸ ಮಾಡಿದರು. ಒತ್ತುತ್ತಿದ್ದರು ಎಂದೇ ಅವರ ನಂಬಿಕೆ.

ಮನೆಯಲ್ಲಿ ಮಾತ್ರ ಏನೋ ಸರಿಯಿರಲಿಲ್ಲ. ಹೆಂಡತಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ತಟ್ಟೆಯನ್ನು ಮೇಜಿನ ಮೇಲೆ ಇಡುವ ಸದ್ದು ದಿನದಿಂದ ದಿನಕ್ಕೆ ಏರುತ್ತಿತ್ತು. ಸೋತ ಗಂಡನ ಜೊತೆ ಬಾಳುವುದು ಅವಳಿಗೂ ಕಷ್ಟವಾಗಿರಬೇಕು ಎಂದು ಕನ್ನಡಕದವರು ಮರುಕಪಟ್ಟರು. ಇನ್ನು ಸ್ವಲ್ಪ ದಿನ ತಾಳಿಕೋ, ಎಂದು ಒಳಗೊಳಗೇ ಸಮಾಧಾನವನ್ನೂ ಹೇಳಿದರು.

ಶನಿವಾರ ಸಾಧನದ ಸಮೇತ ಟ್ಯೂನರ್‌ನ ಗ್ಯಾರೇಜಿಗೆ ಹೋದರು. ಅವನು ಲ್ಯಾಪ್‌ಟಾಪ್ ತೆರೆದು, ಒರೆಸಿದ ಕನ್ನಡಕವನ್ನು ಮತ್ತೊಮ್ಮೆ ಒರೆಸಿ, ಪರದೆಯ ಮೇಲಿನ ಗೆರೆಗಳನ್ನು ಬಹಳ ಹೊತ್ತು ನೋಡಿದ.

“ಈ ಗಾಡೀನ ಇಬ್ಬರು ಓಡಿಸ್ತಾರೆ ಅಲ್ವಾ? ಈ ಗೆರೆ ನೋಡಿ. ಆಹಾ! ಏರು ಬರೋಕೆ ಮುಂಚೆನೇ ಕಾಲು ಒತ್ತಿದೆ. ಟರ್ಬೊ ಏಳೋಕೆ ಒಂದು ಗಳಿಗೆ ಬೇಕು, ಅದು ಇವರಿಗೆ ಗೊತ್ತು. ಬ್ರೇಕು ನೋಡಿ, ಮಗು ಮಲಗಿಸಿದಷ್ಟು ಮೆತ್ತಗೆ. ಇವರು ಕಲಾವಿದರು ಸಾರ್.”

ಕನ್ನಡಕದವರು ತಲೆ ತಗ್ಗಿಸಿದರು. “ಏನೋ... ವರ್ಷಗಳ ಅಭ್ಯಾಸ,” ಎಂದರು.

“ದಿನಾ ಬೆಳಿಗ್ಗೆ ಏಳೂ ಹತ್ತಕ್ಕೆ ಎಲ್ಲಿಗೆ ಹೋಗ್ತೀರಾ?”

ಏಳೂ ಹತ್ತಕ್ಕೆ ಕನ್ನಡಕದವರು ಹಾಸಿಗೆಯಲ್ಲಿರುತ್ತಾರೆ. ಅವರ ತಗ್ಗಿದ ತಲೆ ಹಾಗೇ ಉಳಿಯಿತು.

“ಹಾಗಾದ್ರೆ ಮಧ್ಯಾಹ್ನದವರು ನೀವು,” ಎಂದು ಟ್ಯೂನರ್ ದನಿ ತಗ್ಗಿಸಿದ. ಕೆಟ್ಟ ಸುದ್ದಿ ಹೇಳುವ ಡಾಕ್ಟರ ದನಿ ಅದು. “ಗುರುವಾರ ಹದಿನಾಲ್ಕು ಸೆಕೆಂಡು ಚೆನ್ನಾಗಿ ಒತ್ತಿದೀರಿ. ಆಮೇಲೆ ಜೋರಾಗಿ ಬ್ರೇಕು. ಏನಾಯ್ತು ಅಲ್ಲಿ?”

“ನಾಯಿ.”

“ಅಡ್ಡ ಬಂತಾ?”

“ಇಲ್ಲ. ಒಂದು ಮನೆ ಗೇಟಿನೊಳಗೆ ಕೂತಿತ್ತು.”

ಟ್ಯೂನರ್ ಲ್ಯಾಪ್‌ಟಾಪ್ ಮುಚ್ಚಿದ. “ಸಾರ್, ಐದು ದಿನದಲ್ಲಿ ನಿಮ್ಮ ಕಾಲಿನ ಕೆಳಗೆ ಟರ್ಬೊ ಒಂದೇ ಸಲ ಎದ್ದಿದೆ. ಅದೂ ಹದಿನಾಲ್ಕು ಸೆಕೆಂಡು. ಕಂಪನಿ ಕೊಟ್ಟ ಶಕ್ತೀಲಿ ಅರ್ಧವನ್ನೂ ನೀವು ಮುಟ್ಟೇ ಇಲ್ಲ. ನೀವೇ ಹೇಳಿದ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇರೋ ಪವರ್ ಸಾಕು ನಿಮಗೆ.” ಬೇಡ ಎಂದರೂ ಕೇಳದೆ ಎರಡು ಗೆರೆಗಳ ಹಾಳೆಯನ್ನು ಮುದ್ರಿಸಿ ಕೈಗಿಟ್ಟ.

ಕಿಸೆಯಲ್ಲಿ ಆ ಹಾಳೆ ಇಟ್ಟುಕೊಂಡು ಕನ್ನಡಕದವರು ಮನೆಗೆ ಬಂದರು. ಹೆಂಡತಿ ಅಡುಗೆಮನೆಯಲ್ಲಿ ಕೇಕಿಗೆ ಕೆನೆ ಬಳಿಯುತ್ತಿದ್ದಳು. ತಿರುಗಲಿಲ್ಲ.

“ರಿಪೋರ್ಟ್ ಬಂತಾ?”

“ಯಾವ ರಿಪೋರ್ಟು?”

“ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದ್ರಲ್ಲ, ಅದರದ್ದು. ಮೊದಲನೇ ದಿನವೇ ಮಂಡಿಗೆ ತಾಗ್ತು. ಗಾಡಿಗೆ ಒಂದು ಗೀರು ಮಾಡಿದೀನೇನ್ರೀ ನಾನು? ನಂಬಿಕೆ ಇಲ್ಲದಿದ್ರೆ ಬಾಯಿಬಿಟ್ಟು ಕೇಳ್ಬೇಕಿತ್ತು. ಹಿಂದೆ ಗೂಢಚಾರನ್ನ ಬಿಡೋದಾ?” ಕೊನೆಯ ಮಾತಿಗೆ ಅವಳು ಇತ್ತ ತಿರುಗಿದಳು, ದನಿ ಒಡೆದಿತ್ತು.

ಐದು ದಿನದ ತಟ್ಟೆಗಳ ಸದ್ದು ಕನ್ನಡಕದವರಿಗೆ ಈಗ ಅರ್ಥವಾಯಿತು. ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ದಿನಕ್ಕೆ ಮೂವತ್ತು ಜನರನ್ನು ಕೂರಿಸಿ ‘ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ’ ಎಂದು ಕೇಳುವ ತಾನು, ಮನೆಯಲ್ಲಿ ಎದುರಿಗೇ ಇದ್ದ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಮಾನ ಉಳಿಸಿಕೊಳ್ಳುವ ಸುಳ್ಳು ಒಂದೆರಡು ಹೊಳೆದವು. ಆದರೆ ಅವಳ ಒದ್ದೆ ಕಣ್ಣಿನ ಮುಂದೆ ಅವು ನಿಲ್ಲಲಿಲ್ಲ. ಏರು, ತಮ್ಮ, ಅರ್ಧ ನಗು, ಟ್ಯೂನರ್, ಎಲ್ಲವನ್ನೂ ಒದರಿ ಹಾಳೆಯನ್ನು ಅವಳ ಮುಂದಿಟ್ಟರು.

ಅವಳು ಕೈ ಒರೆಸಿಕೊಂಡು ನೋಡಿದಳು. “ಈ ಗೆರೆ ನಂದಾ?”

“ಹೂಂ. ಕಲಾವಿದರು ಅಂದ.”

“ಮತ್ತೆ ಈ ಗರಗಸದ ಹಲ್ಲು?”

“ಅದು... ನಾಯಿ.”

ಹೆಂಡತಿ ಕೇಕಿನ ಪಕ್ಕದಲ್ಲೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪೂರ್ತಿ ನಗು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: “ನಾಳೆ ನೀವೇ ಓಡಿಸಿ. ಹಿಂದೆ ಕೇಕ್ ಇಡ್ತೀನಿ. ಅದು ಅಲ್ಲಾಡ್ಬಾರದು, ಗಾಡಿ ತೇಕ್ಬಾರದು. ನಾನು ಹೇಳಿದಾಗ ಒತ್ತಿ.”

ಭಾನುವಾರ ಏರಿನ ಬುಡದಲ್ಲಿ ಮುಂದೆ ಕಂಡದ್ದು ಅದೇ ಡಬ್ಬ ಕಾರು. “ಈಗ,” ಎಂದಳು ಹೆಂಡತಿ. ಕನ್ನಡಕದವರು ಉಸಿರು ಬಿಗಿಹಿಡಿದು ಒತ್ತಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಬಿಟ್ಟುಬಿಡೋಣ ಎನ್ನಿಸಿತು. “ಬಿಡ್ಬೇಡಿ!” ಎಂದಳು. ಅಷ್ಟರಲ್ಲಿ ಟರ್ಬೊ ಎದ್ದಿತು. ಬೆನ್ನು ಸೀಟಿಗೆ ಒರಗಿತು, ಡಬ್ಬ ಕಾರು ಪಕ್ಕಕ್ಕೆ ಬಂತು, ಹಿಂದೆ ಹೋಯಿತು. ಕನ್ನಡಕದವರು ಕಿಟಕಿಯಿಂದ ಕೈ ಬೀಸಿ, ಹೆಂಡತಿ ನೋಡುತ್ತಿದ್ದಾಳೆಯೇ ಎಂದು ಓರೆಗಣ್ಣು ಹಾಯಿಸಿದರು. ಅವಳು ಹಿಂದಕ್ಕೆ ತಿರುಗಿ ಕೇಕ್ ನೋಡುತ್ತಿದ್ದಳು.

“ಅಲ್ಲಾಡ್ಲಿಲ್ಲ,” ಎಂದಳು. ಅವರಿಗೆ ಅದೇ ಸಾಕಾಯಿತು.

ಗೇಟಿನಲ್ಲಿ ಬಾಮೈದ ಇಳಿಯುವುದನ್ನೇ ಕಾದು ನಿಂತರು. ಅವನು ಕಣ್ಣು ಕಿರಿದು ಮಾಡಿಕೊಂಡು ಹತ್ತಿರ ಬಂದ.

“ಓ, ಭಾವ! ಆಗ್ಲೇ ಬಂದ್ಬಿಟ್ರಾ?”

“ಏರಿನಲ್ಲಿ ನೋಡ್ಲಿಲ್ವೇನಪ್ಪಾ?” ಎಂದರು ಕನ್ನಡಕದವರು, ಗೆದ್ದವರ ಔದಾರ್ಯದಿಂದ.

“ನೀವಾ ಅದು? ಗೊತ್ತಾಗ್ಲೇ ಇಲ್ಲ. ಈಚೆಗೆ ದೂರದ್ದೆಲ್ಲ ಮಸುಕು ಮಸುಕು ಭಾವ. ನಾಳೆ ಅಂಗಡಿಗೆ ಬರೋಣ ಅಂತಿದ್ದೆ.”

ಕನ್ನಡಕದವರ ಮುಖ ಇಳಿಯಿತು. “ಮತ್ತೆ ಹೋದ ಭಾನುವಾರ ನಂಗೆ ಕೈ ಬೀಸಿದ್ಯಲ್ಲ?”

“ಹೋದ ಭಾನುವಾರ?” ಬಾಮೈದ ತಲೆ ಕೆರೆದುಕೊಂಡ. “ಅಯ್ಯೋ, ಅದು ನೀವಾ! ಯಾರೋ ಪಾಪ ತುಂಬಾ ವಯಸ್ಸಾದವರು ಕಷ್ಟಪಟ್ಟು ಹತ್ತಿಸ್ತಿದಾರೆ, ಆದ್ರೂ ದಾರಿ ಬಿಟ್ರಲ್ಲ ಅಂತ ಥ್ಯಾಂಕ್ಸ್ ಹೇಳಿದೆ.”

ಕೇಕ್ ಹಿಡಿದು ನಿಂತಿದ್ದ ಹೆಂಡತಿಯ ಮೂಗಿನಲ್ಲಿ ಆ ಅರ್ಧ ನಗು ಹುಟ್ಟಿತು. ಈ ಸಲ ಅದು ತುಟಿಯಲ್ಲಿ ನಿಲ್ಲಲಿಲ್ಲ. ಕನ್ನಡಕದವರೂ ನಕ್ಕರು, ಅವರ ಕಾರಿನ ಹಾಗೆ, ಒಂದು ಗಳಿಗೆ ತಡವಾಗಿ.