ಕಡ್ಲಿಬ್ಯಾಳಿ ಬಣ್ಣದ ಕಾರು

ನಿವೃತ್ತನಾದ ಮನುಷ್ಯನಿಗೆ ಹಚ್ಚಿಕೊಳ್ಳಲು ಏನಾದರೊಂದು ಬೇಕು. ಕೆಲವರು ಅಧ್ಯಾತ್ಮ ಹಚ್ಚಿಕೊಳ್ಳುತ್ತಾರೆ, ಕೆಲವರು ಮೊಮ್ಮಕ್ಕಳನ್ನು, ಇನ್ನು ಕೆಲವರು ಮೊಣಕಾಲಿಗೆ ಎಣ್ಣೆಯನ್ನು. ನಾನು ಬಣ್ಣ ಹಚ್ಚಿಕೊಂಡೆ. ಧೋತರಕ್ಕೆ, ಕನ್ನಡಕಕ್ಕೆ, ಕಿವಿಯ ಹಿಂದಕ್ಕೆ, ಒಮ್ಮೆ ಹೆಂಡತಿ ಒಣಗಲು ಹಾಕಿದ್ದ ಹಪ್ಪಳಕ್ಕೂ ಅದು ಹತ್ತಿತು. ಯಾವುದಕ್ಕಾಗಿ ಡಬ್ಬಿಯ ಮುಚ್ಚಳ ತೆರೆದಿದ್ದೆನೋ ಆ ಕಾರಿಗೆ ಮಾತ್ರ ನೆಟ್ಟಗೆ ಹತ್ತಲಿಲ್ಲ. ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದವನು ನಾನು. ಕೆಂಪು ಹಳದಿ ಕೂಡಿದರೆ ಕೇಸರಿಯಾಗುತ್ತದೆ ಎಂಬ ಪರಮ ಸತ್ಯವನ್ನು ಶಲವಡಿಯ ಎರಡು ತಲೆಮಾರಿಗೆ ಬೋಧಿಸಿದ್ದೇನೆ. ಅಂಥವನಿಗೆ ಒಂದು ಕಾರಿಗೆ ಬಣ್ಣ ಮಾಡಿಸುವುದೇನು ಮಹಾ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿಕೊಂಡೆ. ಉತ್ತರಕ್ಕೆ ಕಾಯದೆ ಕೆಲಸ ಹಿಡಿದದ್ದೇ ತಪ್ಪಾಯಿತು.

ಕಾರು ನಮ್ಮ ಅಪ್ಪನದು, ಹಳೆಯ ಅಂಬಾಸಿಡರ್. ಅಪ್ಪ ತೀರಿಕೊಂಡ ಮೇಲೆ ಅದು ಮನೆಯ ಬಾಜೂಕಿನ ತಗಡಿನ ಶೆಡ್ಡಿನಲ್ಲಿ ನಿಂತುಬಿಟ್ಟಿತು. ಮೊದಮೊದಲು ವಾರಕ್ಕೊಮ್ಮೆ ಒರೆಸುತ್ತಿದ್ದೆವು. ಆಮೇಲೆ ಹಬ್ಬಕ್ಕೊಮ್ಮೆ. ಆಮೇಲೆ ಅದರ ಡಿಕ್ಕಿಯಲ್ಲಿ ಬೀಜದ ಕಡಲೆ ಚೀಲ ಬಂದು ಕುಳಿತವು, ಟಾಪಿನ ಮೇಲೆ ಹರಿದ ಕೌದಿ ಮಲಗಿತು, ಬಾಜೂ ಮನೆಯ ಕೋಳಿ ಹಿಂದಿನ ಸೀಟಿನಲ್ಲಿ ಸುಸೂತ್ರವಾಗಿ ಬಾಣಂತನ ಮುಗಿಸಿಕೊಂಡು ಹೋಗತೊಡಗಿತು. ಹೀಗೆ ಆ ವಾಹನವು ಚಲಿಸುವ ಗುಣವನ್ನು ತೊರೆದು ಸ್ಥಿರಾಸ್ತಿಯ ಸಾಲಿಗೆ ಸೇರಿತ್ತು. ಆದರೆ ಅದರ ಕೀರ್ತಿಯ ದಿನಗಳಲ್ಲಿ ಅದಕ್ಕೊಂದು ಮಹತ್ಕಾರ್ಯವಿತ್ತು. ಪ್ರತಿವರ್ಷ ನಾಗರ ಪಂಚಮಿಗೆ ನಮ್ಮ ಅಕ್ಕನನ್ನು ಕಲಘಟಗಿ ಕಡೆಯ ತಂಬೂರದಿಂದ ತವರಿಗೆ ಕರೆತರುತ್ತಿದ್ದದ್ದು ಅದೇ ಕಾರು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ತವರಿನವರು ಹೋಗಿ ಕರೆಯಬೇಕು, ಅವರು ಬಂದು ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ಶಾಂತಕ್ಕ ಬಂದವಳೇ ಶೆಡ್ಡಿನ ತೊಲೆಗೆ ಕಟ್ಟಿದ ಜೋಕಾಲಿ ಏರಿದ ಮೇಲೇ ನಮ್ಮ ಮನೆಯಲ್ಲಿ ಹಬ್ಬ ಸುರುವಾದಂತೆ. ಅಪ್ಪನ ನಂತರ ನಾನು ಬಸ್ಸಿನಲ್ಲಿ ಹೋಗಿ ಕರೆತರುತ್ತಿದ್ದೆ. ಯಾರದೂ ತಕರಾರಿರಲಿಲ್ಲ.

ತಕರಾರು ಹುಟ್ಟಿಸಿದ್ದು ಒಂದು ಮದುವೆಯ ಪಂಕ್ತಿಯಲ್ಲಿ ನನಗೆ ಬಡಿಸಿದ ಹೋಳಿಗೆ. ಒಂದು ಹೋಳಿಗೆಯ ತನಕ ನಾನು ವಿವೇಕಿ. ಎರಡನೆಯದರ ಮೇಲೆ ತುಪ್ಪ ಬಿದ್ದಾಗ ನಾಲಗೆ ನನ್ನ ಮಾತು ಕೇಳುವುದಿಲ್ಲ. ಬೀಗರು ಬಿಜ್ಜರೆಲ್ಲ ಕೇಳುವಂತೆ, "ಮುಂದಿನ ಪಂಚಮಿಗೆ ಅಕ್ಕನ್ನ ಅಪ್ಪನ ಕಾರಿನ್ಯಾಗ ಕರಕೊಂಡ ಬರ್ತೀನಿ, ನೋಡ್ಕೋತ ಇರ್ರಿ" ಎಂದುಬಿಟ್ಟೆ. ಎದುರು ಸಾಲಿನಲ್ಲಿ ಕುಳಿತಿದ್ದ ಶಾಂತಕ್ಕ ತುತ್ತು ಅಲ್ಲೇ ನಿಲ್ಲಿಸಿ, "ಹಂಗಾರ ಕಾರ್ ಬಂದಾಗ ಬರ್ತೀನಿ ಬಸು. ಅಲ್ಲೀತನಕಾ ಬಸ್ಸಿನ್ಯಾಗ ಕರಿಯಾಕ ಬರಬ್ಯಾಡ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ ಎನ್ನುವುದು ನನ್ನ ಲಕ್ಷ್ಯಕ್ಕೆ ಬಂದದ್ದು ಆ ವರ್ಷ ಪಂಚಮಿಗೆ ಎಂದಿನಂತೆ ಬಸ್ಸಿನಲ್ಲಿ ಹೋದಾಗ. ಅವಳು ಚಹಾ ಕೊಟ್ಟಳು, ಉಂಡಿ ಕಟ್ಟಿಕೊಟ್ಟಳು, ಬಸ್ ಸ್ಟ್ಯಾಂಡಿನ ತನಕ ಕಳಿಸಲೂ ಬಂದಳು. ಬಸ್ಸು ಮಾತ್ರ ಹತ್ತಲಿಲ್ಲ. ಮರುವರ್ಷವೂ ಅದೇ ಆಯಿತು. ಜೋಕಾಲಿಯ ಹಗ್ಗ ಸುತ್ತಿದ್ದು ಸುತ್ತಿದ ಹಾಗೇ ಅಟ್ಟದ ಮೇಲೆ ಉಳಿಯಿತು. ಎಪ್ಪತ್ತು ದಾಟಿದ ಹೆಣ್ಣುಮಗಳು ತಮ್ಮನ ಬಡಾಯಿಯಿಂದಾಗಿ ತವರು ಕಾಣದಂತಾದಳಲ್ಲ ಎಂದು ನನ್ನ ಹೆಂಡತಿ ಗಿರಿಜಾ ಹೋಳಿಗೆ ಮಾಡುವುದನ್ನೇ ಬಿಟ್ಟಳು. ಈ ಮೂರನೆಯ ಪಂಚಮಿಯೂ ತಪ್ಪಿದರೆ ಆ ಹಗ್ಗದಿಂದ ಏನು ಮಾಡುತ್ತಾಳೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಹಾಗಂತ ಅಷ್ಟು ದಿನ ನಾನು ಸುಮ್ಮನೆ ಕುಳಿತಿರಲಿಲ್ಲ. ಎಂಜಿನ್ನನ್ನು ಹುಬ್ಬಳ್ಳಿಯ ಮಿಸ್ತ್ರಿಯೊಬ್ಬ ಬಿಚ್ಚಿ, ಬೈದು, ಮರಳಿ ಜೋಡಿಸಿಕೊಟ್ಟ. ಅದು ಮೊದಲ ಸಲವೇ ಕೆಮ್ಮಿ ಎದ್ದು ನಿಂತಿತು. ತೊಡಕಾದದ್ದು ಮೈಗೆ. ನಮ್ಮೂರಿನ ಪೇಂಟರ್ ಮಲ್ಲೇಶಿಯನ್ನು ಕರೆಸಿದೆ. ಟ್ರ್ಯಾಕ್ಟರಿನ ಟ್ರೇಲರಿಗೆ ಬಣ್ಣ ಹೊಡೆಯುವುದರಲ್ಲಿ ಅವನು ಹೆಸರಾದವನು. ಟ್ರೇಲರ್ ಎಂದ ಮೇಲೆ ಹಿಂದೆ ಒಂದು ಜೋಡಿ ಎತ್ತು, ಎರಡು ಗುಲಾಬಿ, ಒಂದು ಉದಯಿಸುವ ಸೂರ್ಯ ಇರಲೇಬೇಕೆಂಬುದು ಅವನ ಸಿದ್ಧಾಂತ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸೂರ್ಯಾನ್ನ ಎಲ್ಲಿ ಕುಂದರಸೂಣ್ರಿ ಸರ್ರ?" ಎಂದು ಕೇಳಿದ. ಸೂರ್ಯ ಬೇಡ, ಅಪ್ಪನ ಕಾಲದಲ್ಲಿ ಹೇಗಿತ್ತೋ ಹಾಗೇ ಆಗಬೇಕು ಎಂದೆ. "ಹೆಂಗಿತ್ರಿ?" ಎಂದ. ಅಲ್ಲಿಗೆ ನನ್ನ ಸೇವಾವಧಿಯ ಜ್ಞಾನವೆಲ್ಲ ಮುಗಿಯಿತು. ನನ್ನ ನೆನಪಿನಲ್ಲಿ ಅದು ಕೆನೆ ಬಣ್ಣ. ಗಿರಿಜಾಳ ನೆನಪಿನಲ್ಲಿ ಬಿಳಿ. ಉಸುಕಿನ ಕಾಗದದಿಂದ ಉಜ್ಜಿ ನೋಡಿದರೆ ಗುರುತು ಸಿಗದಂತೆ ಮಾಸಿದ ಮೇಲ್ಬಣ್ಣದ ಕೆಳಗೆ ಬೂದಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಕಪ್ಪು. ಅಪ್ಪ ಯಾವ ಬಣ್ಣದಲ್ಲಿದ್ದಾಗ ಕೊಂಡರೋ, ಯಾವುದನ್ನು ತಾವೇ ಬಳಿಸಿದರೋ ಹೇಳುವವರಿಲ್ಲ. ಕೊನೆಗೆ ಅಕ್ಕನಿಗೇ ಫೋನು ಮಾಡಿ ಕೇಳಿದೆ. ಆಕೆ ಒಂದು ಕ್ಷಣವೂ ಯೋಚಿಸದೆ, "ಕಡ್ಲಿಬ್ಯಾಳಿ ಬಣ್ಣ ನೋಡು" ಎಂದಳು. ಎಂಥ ನೆನಪು ಎಂದು ಬೆರಗಾದೆ. ಅಡಿಗೆಮನೆಯ ಡಬ್ಬಿಯಿಂದ ಒಂದು ಬೊಗಸೆ ಕಡ್ಲಿಬ್ಯಾಳಿ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡು ಹುಬ್ಬಳ್ಳಿಯ ಬಣ್ಣದ ಅಂಗಡಿಗಳನ್ನೆಲ್ಲ ಅಲೆದೆ. ಒಂದು ಅಂಗಡಿಯವ ನಾನು ಬೇಳೆ ಮಾರಲು ಬಂದಿದ್ದೇನೆಂದು ತಿಳಿದು ಬಾಜೂ ಕಿರಾಣಿ ಅಂಗಡಿ ತೋರಿಸಿದ.

ಬಣ್ಣ ಸಿಕ್ಕಿತು. ಕಡಲೆಯ ರಾಶಿಯ ಕಾಲದಲ್ಲಿ, ಒಳ್ಳೆಯ ಬಿಸಿಲು ನೋಡಿ, ಮಲ್ಲೇಶಿ ಮೊದಲ ಸಲ ಹೊಡೆದ. ಬಣ್ಣ ಹಸಿಯಿರುವಾಗಲೇ ನಮ್ಮ ಹಿತ್ತಲಿನಾಚೆ ಯಾರದೋ ರಾಶಿ ಮಷಿನ್ನು ಸುರುವಾಯಿತು. ಸಂಜೆಗೆ ನೋಡಿದರೆ ಹೊಟ್ಟು ಹತ್ತಿ ಕಾರಿನ ಮೈಯೆಲ್ಲ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಅದನ್ನು ಉಜ್ಜಿ ತೆಗೆಯುವುದರಲ್ಲಿ ಬೇಸಗೆ ಅರ್ಧವಾಯಿತು. ಎರಡನೆಯ ಸಲ ಮಲ್ಲೇಶಿ ಎಚ್ಚರ ವಹಿಸಿದ. ಶೆಡ್ಡಿಗೆ ಸುತ್ತಲೂ ತಾಡಪತ್ರಿ ಕಟ್ಟಿಸಿ, ಧೂಳು ಏಳದಂತೆ ನೆಲ ತೋಯಿಸಬೇಕೆಂದ. "ವೈನಿಯವ್ರ, ನೆಲಕ್ಕಷ್ಟು ನೀರ ಹೊಡೀರಿ" ಎಂದು ಗಿರಿಜಾಳಿಗೆ ಕೂಗಿ ಹೇಳಿ ತಾನು ಬಣ್ಣ ಚಿಮ್ಮುವ ಗನ್ನು ಹಿಡಿದು ಕೆಲಸ ಸುರು ಮಾಡಿದ. ನಮ್ಮ ಹೆಣ್ಣುಮಕ್ಕಳಿಗೆ ಬೆಳಗಿನಲ್ಲಿ ಮಣ್ಣಿನ ನೆಲಕ್ಕೆ ನೀರು ಹೊಡೆಯುವುದೆಂದರೆ ಒಂದೇ ಅರ್ಥ. ಬುಟ್ಟಿಯಲ್ಲಿ ಸಗಣಿ ಕಲೆಸಿ, ಸೆರಗು ಸಿಕ್ಕಿಸಿ, ಅಂಗಳಕ್ಕೆ ಥಳಿ ಹೊಡೆಯುವ ರಭಸದಲ್ಲೇ ಆಕೆ ಹೊಡೆದಳು. ನೆಲ ತೊಯ್ದಿತು. ಬಂಪರಿನಿಂದ ಬಾಗಿಲಿನ ಅರ್ಧದವರೆಗೆ ಕಾರೂ ಪವಿತ್ರವಾಯಿತು. "ಥಳಿ ಹೊಡೀರಿ ಅಂತ ಹೇಳಿದ್ನೇನ್ರಿ ನಾ?" ಎಂದು ಮಲ್ಲೇಶಿ ಗೋಳಾಡಿದ. "ಮತ್ತ ಬರೇ ನೀರ ಯಾರ ಹೊಡಿತಾರೋ, ನಮ್ಮ ಮನ್ಯಾಗ ಯಾರರ ಸತ್ತಾರೇನು?" ಎಂದು ಗಿರಿಜಾ ಅಷ್ಟೇ ಖಡಕ್ಕಾಗಿ ಕೇಳಿದಳು. ಇಬ್ಬರೂ ನ್ಯಾಯಕ್ಕೆ ನನ್ನ ಕಡೆ ನೋಡಿದರು. ಇಂಥ ಸಂದರ್ಭಗಳಿಗಾಗಿಯೇ ನಾನು ಕನ್ನಡಕ ತೆಗೆದು ಒರೆಸುವ ರೂಢಿ ಇಟ್ಟುಕೊಂಡಿದ್ದೇನೆ.

ಮೂರನೆಯ ಸಲ ಹೊಡೆಯುವ ಹೊತ್ತಿಗೆ ಮಳೆಗಾಲ ಕಾಲಿಟ್ಟಿತ್ತು. ಜಿಟಿಜಿಟಿ ಹನಿಯ ಆ ತಂಪಿಗೆ ಬೇಗ ಒಣಗುವ ಬಣ್ಣ ಒಣಗುತ್ತಲೇ ಬೆಳ್ಳಗಾಯಿತು, ಬೂಷ್ಟು ಬಂದ ಉಪ್ಪಿನಕಾಯಿಯ ಹಾಗೆ. "ಹವಾ ಸರಿ ಇಲ್ರಿ ಸರ್ರ, ಇದರಾಗ ನಂದೇನೂ ತಪ್ಪಿಲ್ಲ" ಎಂದ ಮಲ್ಲೇಶಿ. ಹವೆಯನ್ನು ಕರೆಸಿ ಕೇಳುವಂತಿರಲಿಲ್ಲ. ಆಗ ನಾನು ಚಿತ್ರಕಲಾ ಮಾಸ್ತರನ ಅಧಿಕಾರವಾಣಿಯಲ್ಲಿ ತೀರ್ಪು ಕೊಟ್ಟೆ: ಎನಾಮಲ್ ಹೊಡೆಯೋಣ, ಅದು ಬೆಳ್ಳಗಾಗುವುದಿಲ್ಲ. "ಅದು ಲಗೂನ ಒಣಗೂದಿಲ್ಲಲ್ರಿ" ಎಂದ. ಪಂಚಮಿಗೆ ಇನ್ನೂ ಸಮಯವಿದೆ ಎಂದೆ. ಹೊಡೆದ. ನಿಜವಾಗಿಯೂ ಬೆಳ್ಳಗಾಗಲಿಲ್ಲ. ಹೊಳಪು ಎಂಥದ್ದೆಂದರೆ ನನ್ನ ಮುಖ ಅದರಲ್ಲಿ ನನಗಿಂತ ಚೆನ್ನಾಗಿ ಕಂಡಿತು. ದಿನವೂ ಹೋಗಿ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟುತ್ತಿದ್ದೆ. ದಿನವೂ ಅದು ನನ್ನ ಬೆರಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು, ಒಲ್ಲದ ಮನಸ್ಸಿನಿಂದ ಬಿಡುತ್ತಿತ್ತು.

ಹಬ್ಬಕ್ಕೆ ಎರಡು ದಿನವಿರುವಾಗ ಗಿರಿಜಾ ಅಟ್ಟದಿಂದ ಹಗ್ಗ ಇಳಿಸಿದಳು. ಶಾಂತಕ್ಕ ಬರುತ್ತಾಳೆಂದ ಮೇಲೆ ಜೋಕಾಲಿ ಬೇಕೇ ಬೇಕು, ಜೋಕಾಲಿಗೆ ತೊಲೆ ಇರುವುದು ಶೆಡ್ಡಿನಲ್ಲೇ. ಕಾರನ್ನು ಒಂದು ಬದಿಗೆ ಸರಿಸಿದ್ದೆವು. ನಾನು ನಿಚ್ಚಣಿಕೆ ಹತ್ತಿ ಕಟ್ಟಿದೆ, ಹಲಗೆ ಕೂಡಿಸಿದೆ. "ಹಗ್ಗ ಹಳೇದೈತ್ರಿ, ಗಟ್ಟಿ ಐತೋ ಇಲ್ಲೋ ನೋಡ್ರಿ. ವಯಸ್ಸಾದಾಕಿ ಕುಂದರೂದು" ಎಂದಳು. ಕೈಯಿಂದ ಜಗ್ಗಿ ನೋಡಬಹುದಿತ್ತು. ಆದರೆ ಸುತ್ತ ತಾಡಪತ್ರಿ, ನೋಡುವವರು ಯಾರೂ ಇಲ್ಲ, ಗಿರಿಜಾ ಒಳಗೆ ಉಂಡಿಗೆ ಪಾಕ ನೋಡಲು ಹೋಗಿದ್ದಳು. ಹಲಗೆಯ ಮೇಲೆ ಕುಳಿತೆ. ಕುಳಿತ ಮೇಲೆ ಒಂದು ಸಲ ಜೀಕುವುದು ಸಹಜ. ಒಂದು ಜೀಕಿದ ಮೇಲೆ ಇನ್ನೊಂದು. ಮೂರನೆಯದರಲ್ಲಿ ನನಗೆ ಹಿಂದಿನ ಗಾಳಿ, ಹಿಂದಿನ ಪಂಚಮಿಗಳು ಎಲ್ಲ ನೆನಪಾಗಿ ಕಣ್ಣು ತಾನೇ ಮುಚ್ಚಿತು. ಕಾಲು ಮುಂದೆ ಚಾಚಿತು. ಆ ಬರಿಗಾಲುಗಳು ಎಡಗಡೆಯ ಹಿಂದಿನ ಬಾಗಿಲಿಗೆ ಹೋಗಿ ನಿಂತವು. ಬಡಿದ ಸಪ್ಪಳವೇನೂ ಬರಲಿಲ್ಲ, ಮೆತ್ತಗೆ ಅಂಟಿದ ಸಪ್ಪಳ ಬಂತು. ಕಣ್ಣು ತೆರೆದು ನೋಡಿದರೆ ಹಿಡಿಕೆಯ ಕೆಳಗೆ, ಬೆರಳು ಹಿಮ್ಮಡ ಸಹಿತ, ಒಂದು ಜೊತೆ ಪಾದ ಅಚ್ಚುಕಟ್ಟಾಗಿ ಮೂಡಿತ್ತು.

ಮಲ್ಲೇಶಿ ಬಂದು ನೋಡಿದ. ಬಹಳ ಹೊತ್ತು ನೋಡಿ, "ಅಗದಿ ಛಲೋ ಬಿದ್ದಾವ್ರಿ" ಎಂದ. ಉಜ್ಜಿ ಮತ್ತೆ ಹೊಡೆದರೆ ಹಬ್ಬ ಮುಗಿದ ಮೇಲೆಯೇ ಒಣಗುವುದೆಂದೂ ತಿಳಿಸಿದ. "ಬೇಕಾರ ಅದರ ಮ್ಯಾಲೊಂದ ಸೂರ್ಯಾ ತಗಿಯೂಣ್ರಿ, ಮುಚ್ಚಿಹೋಗ್ತಾವು" ಎಂದು ತನ್ನ ಹಳೆಯ ಆಸೆಯನ್ನು ಮತ್ತೊಮ್ಮೆ ಮುಂದಿಟ್ಟ. ಗಿರಿಜಾ ಬಾಗಿಲನ್ನೂ ನನ್ನ ಅಂಗಾಲುಗಳನ್ನೂ ಒಂದೊಂದು ಸಲ ನೋಡಿ, ಸೀಮೆಎಣ್ಣೆಯ ಬಾಟಲಿ ತಂದಿಟ್ಟು ಒಳಗೆ ಹೋದಳು. ಮರುದಿನ ಮುಂಜಾನೆ ನಾನು ಕಾರು ತೆಗೆದೆ. ಪಾದಗಳೊಂದಿಗೆ ಹೋಗುವುದೋ, ಇನ್ನೊಂದು ವರ್ಷ ಅಕ್ಕನಿಲ್ಲದ ಹಬ್ಬ ಮಾಡುವುದೋ ಎಂದಾಗ ಆರಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ.

ಅಣ್ಣಿಗೇರಿ, ಹುಬ್ಬಳ್ಳಿ ದಾಟಿ ಕಲಘಟಗಿ ದಾರಿಯಲ್ಲಿ ಕಾರು ಎಲ್ಲಿಯೂ ನಿಲ್ಲಲಿಲ್ಲ. ಸಣ್ಣ ಹುಳಗಳು ಬಂದು ಅಂಟಿದವು, ಅಷ್ಟೆ. ತಂಬೂರದಲ್ಲಿ ಅಕ್ಕನ ಮನೆ ಮುಂದೆ ಹಾರ್ನ್ ಹೊಡೆದೆ. ಬಾಜೂ ಮನೆಯ ಗಂಗವ್ವ ಮೊದಲು ಬಂದಳು. ಕಣ್ಣು ಮಂದವಾದ ಮುದುಕಿ. ಕಾರನ್ನು ಸವರುತ್ತಾ ಬಂದು ಬಾಗಿಲ ಬಳಿ ನಿಂತಳು. "ಯಾವ ದೇವರ ಪಾದ ತಮ್ಮಾ ಇವು?" ಎಂದಳು. ಸತ್ಯ ಹೇಳಬೇಕೆಂದೇ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಒಳಗೆ ಹೋಗಿ ಕುಂಕುಮದ ಭರಣಿ ತಂದು, ಎರಡೂ ಪಾದಗಳಿಗೆ ಹಚ್ಚಿ, ಕಣ್ಣಿಗೆ ಒತ್ತಿಕೊಂಡಿದ್ದಳು. "ಶಾಂತಾ, ನಿನ್ನ ತಮ್ಮ ದೇವರನ್ನ ಕರಕೊಂಡ ಬಂದಾನ ನೋಡ ಬಾರ ಬೇ. ಎರಡ ವರ್ಷ ಚೀಲಾ ಕಟ್ಟಿ ಇಟ್ಟಿದ್ದಿ, ಈಗರ ಹೊಂಡು" ಎಂದು ಕೂಗಿದಳು.

ನನಗೆ ಆ ಚೀಲದ ಸಂಗತಿ ಗೊತ್ತಿರಲಿಲ್ಲ. ಎರಡು ವರ್ಷ ನನಗೆ ಚಹಾ ಕೊಟ್ಟು ತಿರುಗಿ ಕಳಿಸಿದಾಗ ಬಾಗಿಲ ಮರೆಯಲ್ಲಿ ಅದು ಕಟ್ಟಿಯೇ ಇತ್ತು ಎಂದಾಯಿತು. ಅಕ್ಕ ಅದೇ ಚೀಲ ಹಿಡಿದು ಹೊರಬಂದಳು. ಗಂಗವ್ವನ ಕಡೆ ಒಮ್ಮೆ ಗುರ್ರನೆ ನೋಡಿದಳು. ಮೂಗಿಗೆ ಚಾಳೀಸು ಏರಿಸಿ, ಬಗ್ಗಿ, ಬಾಗಿಲು ನೋಡಿದಳು. ಆಮೇಲೆ ನನ್ನ ಕಾಲು ನೋಡಿದಳು.

"ಎಡಗಾಲಿನ ಹಿಮ್ಮಡ ಒಡದೈತಿ. ಈ ದೇವರಿಗೆ ಸಣ್ಣಾಂವ ಇದ್ದಾಗ ನಾನ ಎಣ್ಣಿ ಹಚ್ಚೇನಿ" ಎಂದಳು ಮೆಲ್ಲಗೆ, ಗಂಗವ್ವನಿಗೆ ಕೇಳದಂತೆ. "ಜೋಕಾಲಿ ಜೀಕಿದ್ದಿ ಹೌದಲ್ಲೋ?"

"ಹಗ್ಗ ಗಟ್ಟಿ ಐತೋ ಇಲ್ಲೋ ನೋಡಿದ್ನಿ."

"ಗಟ್ಟಿ ಐತಿ?"

"ಐತಿ."

"ಹಂಗಾರ ನಡಿ, ಹೋಗೂಣು" ಎಂದು ಅದೇ ಬಾಗಿಲು ತೆರೆದು ಹತ್ತಿ ಕುಳಿತಳು.

ಊರು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಬಣ್ಣ ಹೇಗಾಗಿದೆ, ಥೇಟ್ ನೀನು ಹೇಳಿದ ಕಡ್ಲಿಬ್ಯಾಳಿಯೇ ಅಲ್ಲವೇ ಎಂದು ಕೇಳಿದೆ. "ನಾ ಯಾವಾಗ ಹೇಳಿದ್ನೋ?" ಎಂದಳು. ಫೋನಿನ ನೆನಪು ಕೊಟ್ಟೆ. ಅಕ್ಕ ಸ್ವಲ್ಪ ಯೋಚಿಸಿದಳು. "ಅವತ್ತ ನಾ ಕಡ್ಲಿಬ್ಯಾಳಿ ಹಸನ ಮಾಡಾಕತ್ತಿದ್ನೆಪಾ. ನೀ ಬಣ್ಣ ಯಾವ್ದು ಅಂದಿ, ಕೈಯಾಗಿದ್ದದ್ದ ಹೇಳಿದೆ. ಅಪ್ಪ ಕರಿಯಾಕ ಬಂದಾಗ ಹಾರ್ನ್ ಕೇಳಿದ ಕೂಡ್ಲೆ ಓಡಿಬರ್ತಿದ್ದೆ. ಬಣ್ಣ ಯಾವಾಕಿ ನೋಡ್ತಾಳ?" ಅವತ್ತು ಆಕೆಯ ಮೊರದಲ್ಲಿ ಹೆಸರುಕಾಳು ಇದ್ದಿದ್ದರೆ ಏನಾಗುತ್ತಿತ್ತೆಂದು ನೆನೆಸಿಕೊಂಡು ನಾನು ರಸ್ತೆಯ ಕಡೆ ಲಕ್ಷ್ಯ ಕೊಟ್ಟೆ.

ಹಬ್ಬ ಚೆನ್ನಾಗಿ ಆಯಿತು. ಅಕ್ಕ ಜೋಕಾಲಿ ಜೀಕಿದಳು, ಕಾಲು ಮಡಚಿಕೊಂಡು. ಹೋಗುವಾಗ, "ಅದನ್ನ ತಿಕ್ಕಸಬ್ಯಾಡ, ಮುಂದಿನ ವರ್ಷ ಗಂಗವ್ವ ಕೇಳ್ತಾಳ" ಎಂದು ಅಪ್ಪಣೆ ಮಾಡಿದಳು. ಹೀಗಾಗಿ ಪಾದಗಳು ಉಳಿದವು, ಒಣಗಿ ಗಟ್ಟಿಯೂ ಆದವು. ತಂಬೂರದ ಸುದ್ದಿ ಹೇಗೋ ಶಲವಡಿ ಮುಟ್ಟಿ, ಈಗ ಅಮಾವಾಸ್ಯೆಗೆ ನಮ್ಮ ಓಣಿಯ ಒಬ್ಬಿಬ್ಬರು ಹೆಣ್ಣುಮಕ್ಕಳು ಶೆಡ್ಡಿಗೆ ಬಂದು ಅವಕ್ಕೆ ಕುಂಕುಮವಿಟ್ಟು ಹೋಗುತ್ತಾರೆ. ಬದುಕಿರುವಾಗಲೇ ಪಾದಪೂಜೆ ಮಾಡಿಸಿಕೊಳ್ಳುವ ಭಾಗ್ಯ ಎಷ್ಟು ಜನ ಚಿತ್ರಕಲಾ ಮಾಸ್ತರರಿಗೆ ದೊರೆತೀತು? ನಾನು ಗಂಭೀರವಾಗಿ ಬಾಜೂಕ್ಕೆ ನಿಂತಿರುತ್ತೇನೆ. ಗಿರಿಜಾಳೂ ಅಮಾವಾಸ್ಯೆಗೆ ತಪ್ಪದೆ ಕಾರಿನ ಪೂಜೆ ಮಾಡುತ್ತಾಳೆ. ಬಾನೆಟ್ಟಿಗೆ, ಸ್ಟೇರಿಂಗಿಗೆ, ನಾಲ್ಕೂ ಗಾಲಿಗೆ ಕುಂಕುಮ ಹಚ್ಚಿ ಲಿಂಬೆಹಣ್ಣು ಇಡುತ್ತಾಳೆ. ಆ ಬಾಗಿಲು ಬಂತೆಂದರೆ ಮಾತ್ರ ಒದ್ದೆ ಅರಿವೆಯಿಂದ ಖಸಖಸ ಒರೆಸಿ ಮುಂದೆ ಹೋಗುತ್ತಾಳೆ. ಒಮ್ಮೆ ತಡೆಯದೆ ಕೇಳಿಯೇಬಿಟ್ಟೆ: "ಯಾಕ, ಅವಕ್ಕೊಂದೀಟು ಕುಂಕುಮ ಹಚ್ಚೂದಿಲ್ಲೇನು?"

"ಆ ಪಾದ ನಾ ದಿನಾ ನೋಡ್ತೀನಲ್ರಿ," ಎಂದಳು ಅರಿವೆ ಹಿಂಡುತ್ತ, "ಒರೆಸಿದ ನೆಲದ ಮ್ಯಾಲ."